ಲ್ಯಾಬ್ ಮೇಡಂ ಅಂಟಿಸದ ಚೀಟಿ

ಹೋದ ವಾರ ನನ್ನ ಗಾಡಿ ಕೀ ಕಳೆದುಹೋಯಿತು. ಡಿಪಾರ್ಟ್‌ಮೆಂಟಿನ ಮೇಜು, ಡ್ರಾಯರು, ಪ್ಯಾಂಟಿನ ಜೇಬು, ಊಟದ ಚೀಲ ಎಲ್ಲವನ್ನೂ ಎರಡೆರಡು ಸಲ ಜಾಲಾಡಿದೆ. ಕೊನೆಗೆ ಸಿಟ್ಟು ನೆತ್ತಿಗೇರಿ ಕಸದ ಬುಟ್ಟಿಯನ್ನೂ ನೆಲಕ್ಕೆ ಸುರಿದೆ. ಅದನ್ನೆಲ್ಲ ನೋಡುತ್ತ ಕೂತಿದ್ದ ಕಿರಿಯ ಸಹೋದ್ಯೋಗಿ ಮೆಲ್ಲಗೆ, ಲ್ಯಾಬ್ ಮೇಡಂಗೆ ಒಂದು ಫೋನ್ ಮಾಡಬಾರದಾ ಸಾರ್ ಎಂದಳು. ಲ್ಯಾಬ್ ಮೇಡಂ ನಿವೃತ್ತರಾಗಿ ಎರಡು ವರ್ಷವಾಗಿದೆ. ಈಗ ಇರುವುದು ಕುಣಿಗಲ್ಲಿನ ತಮ್ಮ ಮನೆಯಲ್ಲಿ, ನಮ್ಮ ಕಾಲೇಜಿರುವ ತುಮಕೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೂ ಮಾಡಿದೆ.

"ಎಲ್ಲೈತೆ ಅಂತ ಕೇಳ್ಬೇಡಿ ಸಾರ್. ಎಲ್ಲಿಲ್ಲ, ಅದನ್ನ ಹೇಳಿ ಮೊದ್ಲು," ಎಂದರು.

ಅವರ ಹಿಂದೆ ಕುಕ್ಕರ್ ಕೂಗುವುದು ಕೇಳುತ್ತಿತ್ತು. ನಾನು ಹುಡುಕಿದ ಜಾಗಗಳನ್ನೆಲ್ಲ ಒಪ್ಪಿಸಿದೆ. ಬೆಳಿಗ್ಗೆ ಕ್ಲಾಸಿತ್ತಾ ಎಂದು ಕೇಳಿದರು. ಇತ್ತು ಎಂದೆ. ಹಾಗಾದರೆ ಆ ಕ್ಲಾಸಿನ ಡಸ್ಟರ್ ಡಬ್ಬಿ ನೋಡಿ, ನೀವು ಮಾರ್ಕರ್ ಇಡುವಾಗ ಕೈಯಲ್ಲಿ ಇರುವುದನ್ನೆಲ್ಲ ಇಟ್ಟುಬಿಡುತ್ತೀರಿ, ಹಿಂದೆ ಪೆನ್‌ಡ್ರೈವ್ ಸಿಕ್ಕಿದ್ದೂ ಅಲ್ಲೇ ಅಲ್ಲವಾ ಎಂದು ಹೇಳಿ, ಹುಳಿ ಸೀದುಹೋಗುತ್ತದೆ ಎಂದು ಫೋನಿಟ್ಟರು. ಕೀ ಡಸ್ಟರ್ ಡಬ್ಬಿಯಲ್ಲೇ ಇತ್ತು.

ಇದರಲ್ಲಿ ನಗುವಂಥದ್ದು ಏನೆಂದರೆ, ಕಣ್ಣಿಗೆ ಕಾಣದ ವಸ್ತು ಎಲ್ಲಿದೆ ಎಂದು ರೇಡಿಯೋ ಅಲೆಗಳಿಂದ ಪತ್ತೆ ಮಾಡುವ ವಿಷಯದಲ್ಲಿ ಡಾಕ್ಟರೇಟ್ ಪಡೆದವನು ನಾನು. ನನ್ನ ಹೆಸರಿನ ಮುಂದೆ ‘ಡಾ’ ಎಂಬ ಅಕ್ಷರ ಬಂದು ಕೂತಿದ್ದರೆ ಅದಕ್ಕೆ ಕಾರಣವೂ ಆ ಹೆಂಗಸೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ. ನಮ್ಮ ಕಾಲೇಜಿನಲ್ಲಿ ಪಾಠ ಮಾಡುವ ಮೇಡಂಗಳು ಎಷ್ಟೋ ಜನ ಇದ್ದರು. ಇವರು ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಆದ್ದರಿಂದ ಹುಡುಗರ ಬಾಯಲ್ಲಿ ಲ್ಯಾಬ್ ಮೇಡಂ ಆದರು. ಆಮೇಲೆ ಪ್ರಿನ್ಸಿಪಾಲರೂ ಹಾಗೇ ಕರೆಯತೊಡಗಿದರು.

ಸಣ್ಣ ಆಳು. ದಪ್ಪ ಫ್ರೇಮಿನ ಕನ್ನಡಕ, ಅದಕ್ಕೊಂದು ಕಪ್ಪು ದಾರ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಸೋಲ್ಡರಿಂಗ್ ಶುರುವಾಯಿತು ಎಂದೇ ಅರ್ಥ. ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವಂತಿರಲಿಲ್ಲ, ಮಾತಾಡಿಸಿದರೆ ಉತ್ತರವೂ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಸಾಸಿವೆ ಜೀರಿಗೆ ಹಾಕಿಡುವ ಸ್ಟೀಲಿನ ಒಗ್ಗರಣೆ ಡಬ್ಬಿಯೊಂದು ಅವರ ಮೇಜಿನ ಮೇಲಿತ್ತು. ಅದರ ಏಳು ಬಟ್ಟಲುಗಳಲ್ಲಿ ಆರರ ತುಂಬ ಡಯೋಡು, ಕೆಪಾಸಿಟರು, ಸ್ಕ್ರೂಗಳು. ನಡುವಿನ ಬಟ್ಟಲಿಗೆ ಮಾತ್ರ ಮುಚ್ಚಳವಿತ್ತು. ಅದರಲ್ಲೇನಿದೆ ಎಂದು ನಾನು ಕೇಳಿರಲಿಲ್ಲ. ಲವಂಗವೋ ಅಡಿಕೆಯೋ ಇರಬೇಕು ಅಂದುಕೊಂಡಿದ್ದೆ, ಅವರಿಗೆ ಊಟವಾದ ಮೇಲೆ ಏನಾದರೊಂದು ಬಾಯಿಗೆ ಬೇಕಿತ್ತು.

ಹುಡುಗರನ್ನು ಬೈಯುವುದರಲ್ಲೂ ಅವರದೊಂದು ಕ್ರಮ. ಮೊದಲು "ಏನ್ಲಾ" ಎನ್ನುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರು. ಅಷ್ಟರಲ್ಲಿ ಹುಡುಗ ತಾನೇ ತಪ್ಪೊಪ್ಪಿಕೊಂಡು, ಮೀಟರಿನ ಮುರಿದ ಪ್ರೋಬನ್ನು ಚೀಲದಿಂದ ತೆಗೆದು ಮೇಜಿನ ಮೇಲಿಡುತ್ತಿದ್ದ. ತಪ್ಪು ಮಾಡಿದ ಮೇಲೆ ಹೇಳಿದವರಿಗೆ ಅವರ ಊಟದ ಡಬ್ಬಿಯಿಂದ ರಾಗಿ ರೊಟ್ಟಿಯ ಒಂದು ಚೂರು, ಹುಚ್ಚೆಳ್ಳು ಚಟ್ನಿ ಸಮೇತ. ಮುಚ್ಚಿಟ್ಟವರ ಹೆಸರನ್ನು ಮಾತ್ರ ಅವರು ಮೂರು ವರ್ಷವಾದರೂ ಮರೆಯುತ್ತಿರಲಿಲ್ಲ.

ಲ್ಯಾಬಿನಲ್ಲಿ ಅವರದ್ದೇ ಎರಡು ಕಾನೂನುಗಳಿದ್ದವು. ಕೆಟ್ಟ ಉಪಕರಣಕ್ಕೆ ಕೆಂಪು ಚೀಟಿ ಕಟ್ಟಬೇಕು, ಅದರಲ್ಲಿ ದೋಷ ಏನೆಂದು ಬರೆದು ಸಹಿ ಹಾಕಬೇಕು. ಆ ಚೀಟಿಯನ್ನು ಕಟ್ಟಿದವರೇ ಬಿಚ್ಚಬೇಕು, ಬಿಚ್ಚುವಾಗ ಲ್ಯಾಬಿನ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಇದು ಒಂದು. ಇನ್ನೊಂದು ಅವರು ತಮಗೆ ತಾವೇ ಮಾಡಿಕೊಂಡದ್ದು. ತಾವು ಜೋಡಿಸಿದ ಪ್ರತಿಯೊಂದು ವಸ್ತುವಿನ ಬೆನ್ನಿಗೂ ಒಂದು ಪುಟ್ಟ ಬಿಳಿ ಚೀಟಿ ಅಂಟಿಸುತ್ತಿದ್ದರು. ‘ಕೆಲಸ ಸರಿ ಇದೆ’ ಎಂದು ದುಂಡನೆಯ ಕನ್ನಡ ಅಕ್ಷರ, ಕೆಳಗೆ ತಾರೀಖು, ಸಹಿ. ತಯಾರಾದ ಕೂಡಲೇ ಅಂಟಿಸುತ್ತಿರಲಿಲ್ಲ. ಅದನ್ನು ಬಳಸುವವರ ಕೈಯಲ್ಲಿ ನೆಟ್ಟಗೆ ಕೆಲಸ ಮಾಡಿದ ಮೇಲೆಯೇ ಅಂಟಿಸುವುದು. ನಮ್ಮ ಲ್ಯಾಬಿನ ಯಾವ ಪೆಟ್ಟಿಗೆಯನ್ನು ತಿರುಗಿಸಿದರೂ ಆ ಚೀಟಿ ಇಂದಿಗೂ ಕಾಣುತ್ತದೆ, ಕೆಲವು ಹಳದಿಯಾಗಿ ಅಂಚು ಸುರುಟಿಕೊಂಡಿವೆ.

ನಾನು ಗುಬ್ಬಿಯವನು. ಈಗಲೂ ಅಲ್ಲಿಂದಲೇ ಓಡಾಡುತ್ತೇನೆ. ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ ಪಿಎಚ್‌ಡಿಗೆ ನೋಂದಾಯಿಸಿಕೊಂಡೆ. ವಿಷಯವನ್ನು ನಮ್ಮ ಅಮ್ಮನಿಗೆ ವಿವರಿಸಲು ಹೋಗಿ ಸೋತಿದ್ದೆ. ಲ್ಯಾಬ್ ಮೇಡಂಗೆ ವಿವರಿಸಲು ಹೋದಾಗ ಅವರೇ ನನಗೆ ವಿವರಿಸಿದರು.

ವಿಷಯ ಇಷ್ಟು. ಒಂದು ದೊಡ್ಡ ಕೋಣೆಯ ತುಂಬ ಕಬ್ಬಿಣದ ರ್‍ಯಾಕುಗಳಿವೆ. ಅವುಗಳ ಹಿಂದೆಲ್ಲೋ ಒಂದು ವಸ್ತು ಇದೆ. ಅದಕ್ಕೆ ರೇಡಿಯೋ ಸಿಗ್ನಲ್ ಹೊರಡಿಸುವ ಒಂದು ಬಿಲ್ಲೆ ಕಟ್ಟಿದ್ದೇವೆ. ಆದರೆ ಕಬ್ಬಿಣ ಅಡ್ಡ ಇರುವುದರಿಂದ ಸಿಗ್ನಲ್ ನಮ್ಮ ರಿಸೀವರಿಗೆ ನೇರವಾಗಿ ಬರುವುದಿಲ್ಲ. ಆಗ ಗೋಡೆಯ ಬದಿಯಲ್ಲಿ ಒಂದು ಪ್ಯಾನೆಲ್ ನಿಲ್ಲಿಸುತ್ತೇವೆ. ಕೇರಂ ಬೋರ್ಡಿಗಿಂತ ಚಿಕ್ಕದು. ಅದರ ಮೇಲೆ ಹದಿನಾರು ಸಾಲು, ಸಾಲಿಗೆ ಹದಿನಾರರಂತೆ ತಾಮ್ರದ ಚೌಕಗಳು. ಒಂದೊಂದು ಚೌಕಕ್ಕೂ ಪುಟ್ಟ ಸ್ವಿಚ್ಚಿನಂತೆ ಒಂದು ಡಯೋಡು. ಯಾವ ಡಯೋಡು ಆನ್, ಯಾವುದು ಆಫ್ ಎಂಬುದನ್ನು ಕಂಪ್ಯೂಟರ್ ಬದಲಿಸಿದ ಹಾಗೆಲ್ಲ ಪ್ಯಾನೆಲ್ಲಿಗೆ ಬಡಿದ ಅಲೆ ಬೇರೆ ಬೇರೆ ದಿಕ್ಕಿಗೆ ತಿರುಗುತ್ತದೆ. ಯಾವ ಜೋಡಣೆಗೆ ಎಷ್ಟು ಸಿಗ್ನಲ್ ಬಂತು ಎಂದು ನೋಡಿ ವಸ್ತು ಎಲ್ಲಿದೆ ಎಂದು ಲೆಕ್ಕ ಹಾಕಬಹುದು.

ನಾನು ಇದನ್ನು ಬಿಳಿ ಬೋರ್ಡಿನ ಮೇಲೆ ಸೂತ್ರ ಸಮೇತ ಬರೆದು, ಬೆವರು ಒರೆಸಿಕೊಂಡು ತಿರುಗಿ ನೋಡಿದೆ. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು.

"ನಮ್ಮ ಕುಣಿಗಲ್ ಬಸ್ಸಿನ ಡ್ರೈವರ್ ಹಿಂದಿನ ಬಾಗ್ಲಲ್ಲಿ ಯಾರು ನೇತಾಡ್ತಾವ್ರೆ ಅಂತ ಕನ್ನಡಿ ತಿರುಗ್ಸಿ ನೋಡ್ತಾನಲ್ಲ, ಅದೇ ತಾನೆ ಸಾರ್? ನಿಮ್ದು ಕನ್ನಡಿ ಅಲ್ಲಾಡ್ದೆ ತಿರುಗ್ತದೆ, ಅಷ್ಟೇಯ."

ಅಷ್ಟೇ. ಆಮೇಲೆ ವಿದ್ಯಾರ್ಥಿಗಳಿಗೆ ನಾನು ಆ ಡ್ರೈವರನ ಕನ್ನಡಿಯಿಂದಲೇ ಪಾಠ ಶುರುಮಾಡುತ್ತಿದ್ದೆ. ಯಾರು ಹೇಳಿಕೊಟ್ಟಿದ್ದು ಎಂದು ಮಾತ್ರ ಹೇಳುತ್ತಿರಲಿಲ್ಲ. ನನ್ನ ಬುದ್ಧಿಯೇ ಹಾಗಿತ್ತು ಆಗ.

ಪ್ಯಾನೆಲ್ ಜೋಡಿಸುವ ಕೆಲಸವನ್ನು ಬೆಂಗಳೂರಿಗೆ ಕೊಡೋಣ ಅಂದುಕೊಂಡಿದ್ದೆ. ಮೇಡಂ ತಾವೇ ಮಾಡುತ್ತೇನೆ ಎಂದರು. ಆ ಡಿಸೆಂಬರಿನ ಕೊನೆಗೆ ಅವರ ನಿವೃತ್ತಿ. ಇದೇ ನನ್ನ ಕೊನೆಯ ದೊಡ್ಡ ಕೆಲಸ ಸಾರ್, ಇದೊಂದಕ್ಕೆ ಚೀಟಿ ಅಂಟಿಸಿ ಹೊರಟುಬಿಡುತ್ತೇನೆ ಎಂದರು. ಡಯೋಡುಗಳು ಸಾಸಿವೆಗಿಂತ ಸ್ವಲ್ಪ ದೊಡ್ಡವಿರಬಹುದು. ಇನ್ನೂರೈವತ್ತಾರನ್ನು ಚಿಮಟದಲ್ಲಿ ಎತ್ತಿ, ಒಂದೊಂದನ್ನೂ ಜಾಗಕ್ಕೆ ಕೂರಿಸಿ, ಎರಡೂ ಕಡೆ ಬೆಸುಗೆ ಹಾಕಬೇಕು. ಆಷಾಢದಲ್ಲಿ ಶುರುಮಾಡಿದವರು ಗೌರಿ ಹಬ್ಬದ ಹಿಂದಿನ ದಿನ ಮುಗಿಸಿದರು. ಆವತ್ತು ಸಂಜೆ ಪ್ಯಾನೆಲ್ಲನ್ನು ನನ್ನ ಮೇಜಿನ ಮೇಲಿಟ್ಟು, ಬಾಗಿನಕ್ಕೆ ಮೊರ ತಗೋಬೇಕು ಎಂದು ಓಡಿದರು. ಬೆನ್ನಿಗೆ ಚೀಟಿ ಇರಲಿಲ್ಲ. ನಾನಿನ್ನೂ ಅದನ್ನು ಬಳಸಿರಲಿಲ್ಲವಲ್ಲ.

ಬಳಸುವುದಕ್ಕೆ ಮುಂಚೆ ಒಂದು ನಕ್ಷೆ ಬೇಕು. ಕೋಣೆಯ ನೆಲವನ್ನು ಸೀಮೆಸುಣ್ಣದಲ್ಲಿ ಚೌಕ ಚೌಕವಾಗಿ ಭಾಗ ಮಾಡಿ, ಬಿಲ್ಲೆಯನ್ನು ಪ್ರತಿ ಚೌಕದಲ್ಲೂ ಇಟ್ಟು, ಇಲ್ಲಿಟ್ಟರೆ ಸಿಗ್ನಲ್ ಹೀಗೆ, ಅಲ್ಲಿಟ್ಟರೆ ಹಾಗೆ ಎಂದು ಕಂಪ್ಯೂಟರಿನಲ್ಲಿ ಬರೆದಿಡಬೇಕು. ಮುಂದೆ ಬಿಲ್ಲೆ ಎಲ್ಲಿಟ್ಟರೂ ಕಂಪ್ಯೂಟರ್ ಈ ನಕ್ಷೆಯ ಜೊತೆ ಹೋಲಿಸಿ ಜಾಗ ಹೇಳುತ್ತದೆ. ಅಷ್ಟು ಮುಖ್ಯವಾದ ನಕ್ಷೆಯನ್ನು ಯಾವತ್ತೋ ಮಾಡಿದರೆ ಹೇಗೆ? ನಾನು ವಿಜಯದಶಮಿಯ ದಿನವೇ ಮಾಡಬೇಕೆಂದು ನಿರ್ಧರಿಸಿದೆ. ನಮ್ಮ ಅಪ್ಪ ಅಂಗಡಿಯ ಹೊಸ ಪುಸ್ತಕ ತೆರೆಯುತ್ತಿದ್ದದ್ದೂ ಆವತ್ತೇ.

ರಜೆಗೆ ಮುಂಚೆ ಲ್ಯಾಬಿನಲ್ಲಿ ಆಯುಧಪೂಜೆ ಆಯಿತು. ಎಲ್ಲ ಉಪಕರಣ ಒರೆಸಿ, ವಿಭೂತಿ ಕುಂಕುಮ ಇಟ್ಟು, ಹೂವು ಹಾಕಿ, ಬೂದುಗುಂಬಳ ಒಡೆದು, ಚರುಮುರಿ ಹಂಚಿದೆವು. ಪ್ಯಾನೆಲ್ಲೇ ಆ ವರ್ಷದ ಹೊಸ ವಸ್ತು. ಅದಕ್ಕೆ ವಿಶೇಷ ಅಲಂಕಾರ. ಫೋಟೋದಲ್ಲಿ ನಾನು ಅದರ ಪಕ್ಕ ಮದುಮಗನ ಹಾಗೆ ನಿಂತಿದ್ದೇನೆ. ಕಾಲೇಜಿಗೆ ರಜೆ ಇದ್ದರೂ ವಿಜಯದಶಮಿಯ ದಿನ ಅಪ್ಪಣೆ ಪಡೆದು, ಗುಬ್ಬಿಯಿಂದ ಬೆಳಗಿನ ರೈಲಿಗೆ ಬಂದು, ಒಬ್ಬನೇ ಕೂತು ಸಂಜೆಯವರೆಗೆ ನಕ್ಷೆ ಮಾಡಿದೆ. ಕೊನೆಗೆ ಪರೀಕ್ಷೆಗೆಂದು ಬಿಲ್ಲೆಯನ್ನು ಐದಾರು ಕಡೆ ಇಟ್ಟು ನೋಡಿದೆ. ಇಟ್ಟಲ್ಲೆಲ್ಲ ಪರದೆಯ ಮೇಲಿನ ಚುಕ್ಕಿ ಅಲ್ಲೇ ಬಂದು ಕೂತಿತು. ನಾನೊಬ್ಬನೇ ಚಪ್ಪಾಳೆ ತಟ್ಟಿಕೊಂಡೆ.

ಆಮೇಲೆ ಪರೀಕ್ಷೆಗಳು, ಮೌಲ್ಯಮಾಪನ, ಅದೂ ಇದೂ. ಪ್ಯಾನೆಲ್ಲಿನ ಕಡೆ ತಿರುಗಿ ನೋಡಲಾಗಲಿಲ್ಲ. ನವೆಂಬರಿನಲ್ಲಿ ಹಿರೇಹಳ್ಳಿಯ ಒಂದು ಕಾರ್ಖಾನೆಯ ಮ್ಯಾನೇಜರ್ ನೋಡಲು ಬರುತ್ತೇನೆಂದರು. ಅವರಲ್ಲಿ ಪ್ಲಾಸ್ಟಿಕ್ ಸಾಮಾನು ಎರಕ ಹೊಯ್ಯುವ ಕಬ್ಬಿಣದ ಅಚ್ಚುಗಳು ರ್‍ಯಾಕುಗಳ ತುಂಬ ಇದ್ದವು. ಬೇಕಾದ ಅಚ್ಚು ಹುಡುಕುವುದೇ ಒಂದು ಕೆಲಸವಾಗಿತ್ತಂತೆ. ಅವರು ಒಪ್ಪಿ ತಮ್ಮಲ್ಲಿ ಪ್ರಯೋಗಕ್ಕೆ ಜಾಗ ಕೊಟ್ಟರೆ ನನ್ನ ಪ್ರಬಂಧದ ಕೊನೆಯ ಅಧ್ಯಾಯ ಮುಗಿದ ಹಾಗೆ. ಹಬ್ಬದ ದಿನ ಸರಿಯಾಗಿ ಕೆಲಸ ಮಾಡಿದ್ದು ಇಂದೇಕೆ ಮಾಡುವುದಿಲ್ಲ ಎಂಬ ಧೈರ್ಯದಲ್ಲಿ ಹಿಂದಿನ ದಿನ ಒಂದು ಸಲವೂ ಓಡಿಸಿ ನೋಡಲಿಲ್ಲ. ಮೇಡಂ ಎರಡು ಸಲ ಜ್ಞಾಪಿಸಿದರು. ನಾನು ಅವರಿಗೆ ಕಾಫಿ ಬಿಸ್ಕತ್ತಿನ ಏರ್ಪಾಡು ನೋಡಿಕೊಳ್ಳಿ ಎಂದೆ.

ಮ್ಯಾನೇಜರ್ ತಾವೇ ತಂದಿದ್ದ ಅಚ್ಚಿಗೆ ಬಿಲ್ಲೆ ಕಟ್ಟಿ, ನಮ್ಮನ್ನು ಆಚೆ ನಿಲ್ಲಿಸಿ, ಮೂರನೇ ರ್‍ಯಾಕಿನ ಹಿಂದೆ ಇಟ್ಟುಬಂದರು. ಚುಕ್ಕಿ ಕಿಟಕಿಯ ಪಕ್ಕದ ಮೊದಲನೇ ರ್‍ಯಾಕಿನ ಹತ್ತಿರ ಬಂತು. ಇನ್ನೊಮ್ಮೆ ಬಾಗಿಲ ಹತ್ತಿರ ಇಟ್ಟರು. ಚುಕ್ಕಿ ಗೋಡೆಯಾಚೆಗೆ ಹೋಯಿತು, ಅಂದರೆ ಶೌಚಾಲಯಕ್ಕೆ. ಅವರು ದೊಡ್ಡ ಮನುಷ್ಯರು, ನಗಲಿಲ್ಲ. ಕಾಫಿ ಕುಡಿದು, ಸರಿಹೋದ ಮೇಲೆ ಹೇಳಿ, ಬರ್ತೀನಿ ಎಂದು ಹೋದರು. ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಇಂಗು ತಿಂದ ಮಂಗನ ಸ್ಥಿತಿ.

ಹಬ್ಬದ ದಿನ ಸರಿ ಇತ್ತು, ಇಂದು ಇಲ್ಲ. ಪ್ರೋಗ್ರಾಂ ಅದೇ, ನಕ್ಷೆ ಅದೇ. ನನಗೆ ಹೊಳೆದದ್ದು ಒಂದೇ. ಬೆಸುಗೆ ಹಾಕಿದಾಗ ಚೆನ್ನಾಗಿ ಕಂಡು, ದಿನ ಕಳೆದ ಮೇಲೆ ಒಳಗೇ ಕೈಬಿಡುವುದುಂಟು. ನಮ್ಮಲ್ಲಿ ಡ್ರೈ ಸೋಲ್ಡರ್ ಎನ್ನುತ್ತೇವೆ. ಅವಸರದಲ್ಲಿ ಕೆಲಸ ಮಾಡುವವರ ಬೆಸುಗೆಗೆ ಇಡುವ ಹೆಸರು ಅದು. ನಾನು ಕೆಂಪು ಚೀಟಿ ತೆಗೆದು ‘ಡ್ರೈ ಸೋಲ್ಡರ್, ಬಳಸಬೇಡಿ’ ಎಂದು ಬರೆದು, ಸಹಿ ಹಾಕಿ, ಎಲ್ಲರೂ ನೋಡುತ್ತಿರುವಾಗಲೇ ಪ್ಯಾನೆಲ್ಲಿಗೆ ಕಟ್ಟಿದೆ. ಮೂವತ್ತು ವರ್ಷಕ್ಕೂ ಮೇಲೆ ಆ ಲ್ಯಾಬಿನಲ್ಲಿ ದುಡಿದವರ ಕೆಲಸಕ್ಕೆ ಕೆಂಪು ಚೀಟಿ ಬಿದ್ದದ್ದು ಅದೇ ಮೊದಲು.

ಮೇಡಂ ಹತ್ತಿರ ಬಂದು ಚೀಟಿ ಓದಿದರು. "ಯಾವ ಜಾಯಿಂಟು ಸಾರ್?" ಎಂದರು.

ಅದನ್ನೆಲ್ಲ ನೋಡುತ್ತ ಕೂರುವುದಕ್ಕೆ ನನಗೆ ಪುರುಸೊತ್ತಿಲ್ಲ ಎಂದು ನಾನು ಹೊರಟುಬಿಟ್ಟೆ. ಆ ಮಾತನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಮಾರನೆಯ ದಿನದಿಂದ ಅವರು ಬೇರೆ ಕೆಲಸವೆಲ್ಲ ಮುಗಿಸಿಕೊಂಡು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸೆರಗು ಸಿಕ್ಕಿಸಿ ಪ್ಯಾನೆಲ್ಲಿನ ಮುಂದೆ ಕೂರತೊಡಗಿದರು. ಒಂದು ಗ್ರಾಫ್ ಹಾಳೆ, ಹದಿನಾರು ಸಾಲು ಹದಿನಾರು ಚೌಕ. ಒಂದೊಂದು ಡಯೋಡನ್ನೂ ಮೀಟರು ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಬೆರಳಿನಿಂದ ಮೆಲ್ಲಗೆ ತಟ್ಟಿ, ಸರಿ ಇದ್ದರೆ ಹಾಳೆಯಲ್ಲಿ ಒಂದು ಗುರುತು. ಹತ್ತು ದಿನ ಬೇಕಾಯಿತು. ಅಷ್ಟೂ ದಿನ ಅವರು ನನ್ನನ್ನು ಎಂದಿನಂತೆಯೇ ಮಾತಾಡಿಸಿದರು. ನಾನೇ ಆ ಮೂಲೆಯ ಕಡೆ ಹೋಗುತ್ತಿರಲಿಲ್ಲ. ಕೊನೆಗೊಂದು ದಿನ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. ಇನ್ನೂರೈವತ್ತಾರು ಗುರುತು, ಒಂದೂ ಖಾಲಿ ಇಲ್ಲ.

"ಇಲ್ಲಿಲ್ಲ ಸಾರ್," ಎಂದರು. "ಇನ್ನೆಲ್ಲಿಲ್ಲ, ನೋಡಾನ."

ಕಳೆದುಹೋದ ಸ್ಪ್ಯಾನರನ್ನು ಹುಡುಕುವ ರೀತಿಯಲ್ಲೇ ಅವರು ನನ್ನ ತಪ್ಪನ್ನು ಹುಡುಕಿದರು. ಕೇಬಲ್ ಬದಲಿಸಿದರು, ಅಲ್ಲಿರಲಿಲ್ಲ. ರಿಸೀವರ್ ಬದಲಿಸಿದರು, ಅಲ್ಲೂ ಇರಲಿಲ್ಲ. ಪ್ರೋಗ್ರಾಂ ನಾನು ಮೂರು ಸಲ ನೋಡಿದೆ. ರ್‍ಯಾಕುಗಳು ಸೀಮೆಸುಣ್ಣದ ಗುರುತಿನ ಮೇಲೇ ಇದ್ದವು. ಆಮೇಲೆ ಅವರು ಕೇಳಿದ ಪ್ರಶ್ನೆ ಬೇರೆ. ಹಬ್ಬದ ದಿನ ಈ ಕೋಣೆಯಲ್ಲಿ ಇದ್ದು ಇವತ್ತು ಇಲ್ಲದ್ದು ಏನು? ಏನೂ ಇಲ್ಲ ಎಂದೆ. ಅವರು ಫೋನು ತೆಗೆದು, ಡಿಪಾರ್ಟ್‌ಮೆಂಟಿನ ಗ್ರೂಪಿನಲ್ಲಿದ್ದ ಆಯುಧಪೂಜೆಯ ಫೋಟೋ ಹುಡುಕಿ, ಎರಡು ಬೆರಳಲ್ಲಿ ಹಿಗ್ಗಿಸಿದರು. ಮದುಮಗನ ಹಾಗೆ ನಿಂತಿದ್ದ ನಾನು ಆಚೆ ಸರಿದುಹೋಗಿ ಪ್ಯಾನೆಲ್ ದೊಡ್ಡದಾಯಿತು. ಅದರ ಸ್ಟ್ಯಾಂಡಿನ ಎರಡು ಕಡೆಯೂ ಆಳೆತ್ತರದ ಬಾಳೆಕಂದು ಕಟ್ಟಿತ್ತು. ಎಲೆಗಳು ಕಮಾನಿನಂತೆ ಬಾಗಿ ಪ್ಯಾನೆಲ್ಲಿನ ಅರ್ಧ ಮುಖ ಮುಚ್ಚಿದ್ದವು.

ಬಾಳೆಕಂದು ಅಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ನೀರಿಗೆ ರೇಡಿಯೋ ಅಲೆ ಸಿಕ್ಕರೆ ಕುಡಿದುಬಿಡುತ್ತದೆ, ಇಲ್ಲವೇ ಅಡ್ಡಾದಿಡ್ಡಿ ಚೆದರಿಸುತ್ತದೆ. ಎರಡನೇ ವರ್ಷದ ಹುಡುಗರಿಗೆ ನಾನೇ ಹೇಳಿಕೊಡುವ ಪಾಠ. ದಶಮಿಯ ದಿನ ಬಂದವನು ಪೂಜೆಯ ಅಲಂಕಾರ ಬಿಚ್ಚಬಾರದೆಂದು ಕೈಮುಗಿದು, ಬಾಳೆಕಂದು ಇದ್ದ ಹಾಗೇ ನಕ್ಷೆ ಮಾಡಿದ್ದೆ. ಆವತ್ತು ಚುಕ್ಕಿ ಸರಿಯಾಗಿ ಕೂತಿದ್ದೂ ಅದಕ್ಕೇ, ಕಂದುಗಳು ಇನ್ನೂ ಅಲ್ಲೇ ಇದ್ದವಲ್ಲ. ರಜೆ ಮುಗಿದ ಮೇಲೆ ಅಟೆಂಡರ್ ಅವನ್ನು ಬಿಚ್ಚಿ ಗೂಳೂರಿನ ತನ್ನ ಮನೆಯ ಹಸುವಿಗೆ ಒಯ್ದಿದ್ದ. ನನ್ನ ನಕ್ಷೆಯ ಅರ್ಧ ಭಾಗ ಆ ಹಸುವಿನ ಹೊಟ್ಟೆಗೆ ಹೋಗಿತ್ತು.

ಸುಮ್ಮನೆ ಊಹೆಯ ಮೇಲೆ ಹೇಳಬಾರದು ಎಂದು ಮೇಡಂ ಮಾರನೆಯ ದಿನ ತಮ್ಮ ಹಿತ್ತಲಿನಿಂದ ಎರಡು ಬಾಳೆಕಂದು ಕಡಿದು ಕುಣಿಗಲ್ ಬಸ್ಸಿನಲ್ಲಿ ಹೊತ್ತು ತಂದರು. ಕಂಡಕ್ಟರ್ ಯಾರ ಮದುವೆ ಅಮ್ಮ ಎಂದು ಕೇಳಿದನಂತೆ. ಲ್ಯಾಬಿಂದು ಎಂದರಂತೆ. ಸ್ಟ್ಯಾಂಡಿನ ಮೇಲೆ ಹಳೆಯ ಸೆಣಬಿನ ದಾರ ಉಜ್ಜಿದ ಗುರುತಿತ್ತು, ಅದೇ ಜಾಗಕ್ಕೆ ಫೋಟೋ ನೋಡಿಕೊಂಡು ಕಟ್ಟಿದರು. ಬಿಲ್ಲೆಯನ್ನು ಮೂರನೇ ರ್‍ಯಾಕಿನ ಹಿಂದೆ ಇಟ್ಟೆ. ಚುಕ್ಕಿ ಮೂರನೇ ರ್‍ಯಾಕಿನ ಹತ್ತಿರಕ್ಕೆ ಬಂತು. ಪೂರ್ತಿ ಅಲ್ಲೇ ಅಲ್ಲ, ಒಂದು ಹೆಜ್ಜೆ ಆಚೀಚೆ. ಕಂದು ಬಿಚ್ಚಿದೆವು, ಚುಕ್ಕಿ ಕಿಟಕಿಗೆ ಓಡಿತು. ಕಟ್ಟಿದೆವು, ವಾಪಸ್ ಬಂತು. ಹೀಗೆ ನಾಲ್ಕು ಸಲ ಆದ ಮೇಲೆ ಮೇಡಂಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು ನಕ್ಕರು. ನನಗೂ ತಡೆಯಲಾಗಲಿಲ್ಲ.

ನಕ್ಕಿದ್ದೇನೋ ಆಯಿತು. ಕೆಂಪು ಚೀಟಿ ಇನ್ನೂ ಪ್ಯಾನೆಲ್ಲಿನ ಮೇಲೆ ನೇತಾಡುತ್ತಿತ್ತು.

ಕಾನೂನಿನ ಪ್ರಕಾರ ನಾನು ಅದನ್ನು ಬಿಚ್ಚಿ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಆ ರಿಜಿಸ್ಟರನ್ನು ಮುಖ್ಯಸ್ಥರು ತಿಂಗಳಿಗೊಮ್ಮೆ ಓದಿ ಸಹಿ ಹಾಕುತ್ತಾರೆ. ಹುಡುಗರೂ ಓದುತ್ತಾರೆ. ಪಿಎಚ್‌ಡಿ ಮಾಡುವ ಮನುಷ್ಯ ಬಾಳೆಕಂದನ್ನೂ ಸೇರಿಸಿ ನಕ್ಷೆ ಬರೆದ ಎಂದು ನನ್ನ ಕೈಯಾರೆ ಬರೆದುಕೊಡುವುದೆಂದರೆ! ಕಾಲೇಜಿನ ಕ್ಯಾಂಟೀನಿನವನೂ ಬಾಳೆಕಂದು ಸಾರ್ ಎಂದೇ ಕರೆಯುತ್ತಾನೆ. ಬರೆಯದಿದ್ದರೆ, ಡ್ರೈ ಸೋಲ್ಡರ್ ಆಗಿತ್ತು, ಆಮೇಲೆ ಹೇಗೋ ಸರಿಹೋಯಿತು ಎಂದೇ ಉಳಿಯುತ್ತದೆ. ಮೇಡಂ ಇನ್ನು ಮೂರು ವಾರಕ್ಕೆ ಹೋಗಿಬಿಡುತ್ತಾರೆ, ಇದನ್ನೆಲ್ಲ ಯಾರು ಕೆದಕುತ್ತಾರೆ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಯಾರೂ ಇಲ್ಲದ ಹೊತ್ತು ನೋಡಿ ಚೀಟಿಯನ್ನು ಕಿತ್ತು, ಮುದುರಿ, ಕಸದ ಬುಟ್ಟಿಗೆ ಹಾಕಿದೆ.

ಊಟ ಮುಗಿಸಿ ಬಂದಾಗ ಚೀಟಿ ಪ್ಯಾನೆಲ್ಲಿನ ಮೇಲೇ ಇತ್ತು. ಸುಕ್ಕು ಬಿಡಿಸಿ, ನೀಟಾಗಿ ಉಜ್ಜಿ, ಹೊಸ ದಾರ ಪೋಣಿಸಿ ಕಟ್ಟಲಾಗಿತ್ತು. ಮೇಡಂ ಡಯೋಡುಗಳನ್ನು ಬಟ್ಟಲಿಗೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಕಾರಣ ಬರೀಬೇಕು ಸಾರ್," ಎಂದರು, ಅಷ್ಟೇ.

ಅವರು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಮುಂದಿನ ಎರಡು ವಾರ ಬಾಳೆಕಂದಿಲ್ಲದ ಹೊಸ ನಕ್ಷೆ ಮಾಡಿದೆವು. ಸೀಮೆಸುಣ್ಣದ ಚೌಕದಿಂದ ಚೌಕಕ್ಕೆ ಬಿಲ್ಲೆಯನ್ನು ಅವರು ಇಡುತ್ತ ಹೋದರು, ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ. ಮಂಡಿ ನೋವಿದ್ದರೂ ಪ್ರತಿ ಚೌಕಕ್ಕೂ ಬಗ್ಗಿ, ಇಟ್ಟ ಮೇಲೆ "ಹೂಂ" ಎನ್ನುತ್ತಿದ್ದರು. ಆ ಹೂಂ ಕೇಳಿದಾಗಲೆಲ್ಲ ನನ್ನ ಕಣ್ಣು ಕೆಂಪು ಚೀಟಿಯ ಕಡೆ ಹೋಗುತ್ತಿತ್ತು. ಮ್ಯಾನೇಜರ್ ಮತ್ತೆ ಬಂದರು. ಅಚ್ಚನ್ನು ಆರು ಕಡೆ ಬಚ್ಚಿಟ್ಟರು, ಆರು ಸಲವೂ ಚುಕ್ಕಿ ಸರಿಯಾಗಿ ಹೇಳಿತು. ಜನವರಿಯಿಂದ ನಮ್ಮಲ್ಲಿ ಬಂದು ಮಾಡಿ ಎಂದರು. ಹೋಗುವಾಗ ಆ ಕೆಂಪು ಚೀಟಿ ಓದಿ, ಇದೇನು, ಬೆಸುಗೆ ಕೆಟ್ಟಿತ್ತಾ ಎಂದು ಕೇಳಿದರು. ಮೇಡಂ ಕಾಫಿ ಲೋಟ ಎತ್ತಿಕೊಳ್ಳುತ್ತ ಅಲ್ಲೇ ಇದ್ದರು. ಲೋಟಗಳ ಸದ್ದು ನಿಂತಿತು.

ಇಲ್ಲ ಸಾರ್, ನನ್ನ ತಲೆ ಕೆಟ್ಟಿತ್ತು ಎಂದೆ. ಆಮೇಲೆ ಮುಖ್ಯಸ್ಥರ ಎದುರಿಗೇ ಬಾಳೆಕಂದಿನ ಕಥೆ ಪೂರ್ತಿ ಹೇಳಿದೆ. ಮ್ಯಾನೇಜರ್ ಬಿದ್ದು ಬಿದ್ದು ನಕ್ಕರು. ತಮ್ಮ ಕಾರ್ಖಾನೆಯಲ್ಲೂ ಆಯುಧಪೂಜೆಗೆ ಇಂಥದ್ದೇ ಅಲಂಕಾರ, ಒಳ್ಳೆಯದಾಯಿತು ಮೊದಲೇ ಗೊತ್ತಾದದ್ದು ಎಂದರು. ಮುಖ್ಯಸ್ಥರಿಗೂ ನಗು ಬಂತು. ನಾನು ಇಷ್ಟು ದಿನ ಹೆದರಿದ್ದು ಈ ನಗುವಿಗಾ ಎಂದು ನನ್ನ ಮೇಲೆ ನನಗೇ ನಾಚಿಕೆಯಾಯಿತು. ಅವರು ಹೋದ ಮೇಲೆ ರಿಜಿಸ್ಟರ್ ತೆಗೆದು ಬರೆದೆ: ‘ಪ್ಯಾನೆಲ್ಲಿನಲ್ಲಿ ದೋಷವಿರಲಿಲ್ಲ. ಇನ್ನೂರೈವತ್ತಾರು ಡಯೋಡುಗಳ ಬೆಸುಗೆಯೂ ಸರಿ ಇದೆ. ಬಾಳೆಕಂದು ಕಟ್ಟಿದ್ದಾಗ ನಕ್ಷೆ ಮಾಡಿದ್ದು ನನ್ನ ತಪ್ಪು. ನೋಡದೆ ಇನ್ನೊಬ್ಬರ ಕೆಲಸಕ್ಕೆ ಹೆಸರಿಟ್ಟದ್ದೂ ನನ್ನ ತಪ್ಪು.’ ಸಹಿ ಹಾಕಿ ಕೆಂಪು ಚೀಟಿ ಬಿಚ್ಚಿದೆ.

ಬೀಳ್ಕೊಡುಗೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಮೇಡಂ ಎರಡೇ ಮಾತಾಡಿದರು, ಅದರಲ್ಲಿ ಒಂದು ಕಿಟಕಿಯ ಹತ್ತಿರದ ಪ್ಲಗ್ ಸಡಿಲವಾಗಿದೆ ಎಂಬುದು. ಸಂಜೆ ಲ್ಯಾಬಿಗೆ ಬಂದು ರಿಜಿಸ್ಟರ್ ತೆರೆದು, ನಾನು ಬರೆದ ಪುಟವನ್ನು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು. ನಾನು ಪಕ್ಕದಲ್ಲಿ ವಿದ್ಯಾರ್ಥಿಯ ಹಾಗೆ ನಿಂತಿದ್ದೆ. ಓದಿ ಮುಚ್ಚಿ, ಒಗ್ಗರಣೆ ಡಬ್ಬಿಯ ನಡುವಿನ ಬಟ್ಟಲಿನ ಮುಚ್ಚಳ ತೆಗೆದರು. ಲವಂಗವೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಮಡಿಸಿದ ಒಂದು ಬಿಳಿ ಚೀಟಿ ಇತ್ತು. ಅದಕ್ಕೆ ಗೋಂದು ಸವರಿ ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿ, ಹೆಬ್ಬೆರಳಲ್ಲಿ ನಾಲ್ಕೂ ಮೂಲೆ ಒತ್ತಿದರು. ಡಬ್ಬಿ ನಿಮಗೇ ಇರಲಿ ಸಾರ್ ಎಂದು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಹಣ್ಣಿನ ಬುಟ್ಟಿ ಹಿಡಿದು ಗೇಟಿನವರೆಗೆ ಹೋಗಿ ಆಟೋ ಹತ್ತಿಸಿ ಬಂದೆ.

ವಾಪಸ್ ಬಂದು ಚೀಟಿ ಓದಿದೆ. ‘ಕೆಲಸ ಸರಿ ಇದೆ.’ ಕೆಳಗೆ ಸಹಿ. ತಾರೀಖು ಆವತ್ತಿನದಾಗಿರಲಿಲ್ಲ. ಮ್ಯಾನೇಜರ್ ಬಂದ ದಿನದ್ದೂ ಅಲ್ಲ, ಬಾಳೆಕಂದು ತಂದ ದಿನದ್ದೂ ಅಲ್ಲ. ಗೌರಿ ಹಬ್ಬದ ಹಿಂದಿನ ದಿನದ್ದು. ಕೊನೆಯ ಬೆಸುಗೆ ಹಾಕಿದ ಸಂಜೆಯೇ ಬರೆದಿಟ್ಟು, ಮಡಿಸಿ ಬಟ್ಟಲಿಗೆ ಹಾಕಿ ಮುಚ್ಚಿದ್ದರು. ನಾನು ಕೆಂಪು ಚೀಟಿ ಕಟ್ಟುವಾಗ, ಪುರುಸೊತ್ತಿಲ್ಲ ಎಂದು ಹೊರಟಾಗ, ಕಸದ ಬುಟ್ಟಿಗೆ ಎಸೆದಾಗ, ಇದು ನನ್ನಿಂದ ನಾಲ್ಕು ಮಾರು ದೂರದಲ್ಲೇ ಇತ್ತು.

ತಡೆಯಲಾರದೆ ಫೋನ್ ಮಾಡಿದೆ. ಬಸ್ಸು ಹೆಬ್ಬೂರು ದಾಟುತ್ತಿತ್ತು. ಬೆಸುಗೆ ಸರಿ ಇದೆ ಎಂದು ಅಷ್ಟು ಖಾತ್ರಿ ಇದ್ದಮೇಲೆ ಇನ್ನೂರೈವತ್ತಾರನ್ನೂ ಹತ್ತು ದಿನ ಕೂತು ಮತ್ತೆ ಯಾಕೆ ನೋಡಿದಿರಿ, ಅದೂ ಊಟ ಬಿಟ್ಟು, ಎಂದು ಕೇಳಿದೆ.

"ನಂಗೊತ್ತಿತ್ತು ಕಣಪ್ಪ," ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಸಾರ್ ಅನ್ನದೆ ಮಾತಾಡಿದ್ದು ಅದೇ ಮೊದಲು. "ನಿಂಗೆ ಗೊತ್ತಾಗ್ಬೇಕಿತ್ತಲ್ಲ."